ಉರಿಮೂತ್ರಕ್ಕೆ ನಾಲ್ಕು ಬಗೆಯ ಮದ್ದು: ಯಾವುದು ಯಾರಿಗೆ, ಎಷ್ಟು ದಿನಕ್ಕೆ

ಬದಿಯಡ್ಕದಲ್ಲಾಗಲಿ ಉಪ್ಪಳದಲ್ಲಾಗಲಿ ಮೆಡಿಕಲ್ ಶಾಪಿನ ಮುಂದೆ ನಿಂತು "ಮೂತ್ರ ಉರಿಗೆ ಎಂತಾದರೂ ಕೊಡಿ" ಎಂದರೆ ಮಾತಿಗೆ ಬರುವುದು ನಾಲ್ಕು ಬಗೆ. ಫೆನಜೋಪಿರಿಡಿನ್ ಎಂಬ ಕಂದುಗೆಂಪು ಮಾತ್ರೆ, ಫ್ಲಾವಾಕ್ಸೇಟ್ ಎಂಬ ಸೆಳೆತ ಬಿಡಿಸುವ ಮಾತ್ರೆ, ಸಿಟ್ರೇಟಿನ ಸಿರಪ್ಪು, ಇಲ್ಲವೇ ಮನೆಯಲ್ಲೇ ಇರುವ ಪ್ಯಾರಸಿಟಮಾಲ್, ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆ. ಎಲ್ಲವನ್ನೂ ಉರಿಮೂತ್ರದ ಮದ್ದು ಎಂದೇ ಕರೆಯುತ್ತಾರೆ. ಕೆಲಸ ಮಾಡುವ ಜಾಗ ಮಾತ್ರ ಒಂದೊಂದರದ್ದು ಒಂದೊಂದು, ಆಗಿಬಾರದ ಜನರೂ ಬೇರೆ ಬೇರೆ. ನಾಲ್ಕಕ್ಕೂ ಸಮಾನವಾದದ್ದು ಒಂದೇ: ಯಾವುದೂ ರೋಗಾಣುವನ್ನು ಕೊಲ್ಲುವುದಿಲ್ಲ.

ಕಾಸರಗೋಡಿನಲ್ಲಿ ಇದನ್ನು ಒತ್ತಿ ಹೇಳಲು ಕಾರಣವಿದೆ. 2024ರ ಆರಂಭದಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಅಮೃತ್' ಶುರುಮಾಡಿದ ಮೇಲೆ ಡಾಕ್ಟರ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಸಿಗುವುದು ಕಷ್ಟವಾಗಿದೆ. ಅದು ಒಳ್ಳೆಯದೇ. ಆದರೆ ಚೀಟಿ ಇಲ್ಲದವರು ನೋವು ತಗ್ಗಿಸುವ ಮದ್ದನ್ನೋ ಸಿರಪ್ಪನ್ನೋ ಹಿಡಿದು ಮನೆಗೆ ಹೋಗುತ್ತಾರೆ. ಉರಿ ಇಳಿಯುತ್ತದೆ, ರೋಗವೂ ಹೋಯಿತು ಎಂದುಕೊಳ್ಳುತ್ತಾರೆ. ನಾಲ್ಕನೇ ದಿನ ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು. ಸೋಂಕು ಮೂತ್ರಕೋಶದಿಂದ ಮೇಲಕ್ಕೆ, ಕಿಡ್ನಿಗೆ ಏರಿರುತ್ತದೆ. ನೋವಿನ ಮದ್ದು ಎಷ್ಟೇ ಚೆನ್ನಾಗಿ ಹಿಡಿದರೂ ಅದು ಎರಡು ದಿನದ ಆಸರೆ. ಮೂತ್ರ ಪರೀಕ್ಷೆಗೆ ಕೊಟ್ಟು, ಆ್ಯಂಟಿಬಯಾಟಿಕ್ ಶುರುವಾಗಿ, ಅದರ ಗುಣ ಕಾಣಿಸಿಕೊಳ್ಳುವ ತನಕ.

ಮೊದಲು ಉರಿ ಎಲ್ಲಿ, ಯಾವಾಗ ಎಂದು ನೋಡಿಕೊಳ್ಳಿ

ಮೂತ್ರ ಹೊಯ್ಯುವಾಗ ದಾರಿಯುದ್ದಕ್ಕೂ ಮೆಣಸು ಹಚ್ಚಿದಂತೆ ಉರಿಯುವುದು ಒಂದು. ಹೊಯ್ದು ಮುಗಿದ ಮೇಲೆ ಕೆಳಹೊಟ್ಟೆ ಹಿಂಡಿದಂತಾಗಿ, ಹತ್ತು ನಿಮಿಷಕ್ಕೆ ಮತ್ತೆ ಅವಸರವಾಗಿ, ಹೋದರೆ ನಾಲ್ಕು ಹನಿ ಮಾತ್ರ ಬರುವುದು ಇನ್ನೊಂದು. ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತೋಟದಲ್ಲಿ ದುಡಿದು ನೀರು ಕುಡಿಯದೆ, ಗಾಢ ಹಳದಿ ಮೂತ್ರ ಸ್ವಲ್ಪ ಚುರುಕ್ಕೆನ್ನುವುದು ಮೂರನೆಯದು. ಇದು ಸೋಂಕಾಗಿರಲೇಬೇಕೆಂದಿಲ್ಲ, ನೀರು ಕುಡಿದರೆ ಅರ್ಧ ದಿನದಲ್ಲಿ ಸರಿಹೋಗುತ್ತದೆ. ಹೊರಭಾಗದಲ್ಲಿ ತುರಿಕೆ, ಬಿಳಿಸ್ರಾವ ಇದ್ದು ಮೂತ್ರ ತಾಗಿದಾಗ ಉರಿಯುವುದು ನಾಲ್ಕನೆಯದು. ಇದು ಹೆಚ್ಚಾಗಿ ಬೂಷ್ಟಿನ ಸೋಂಕು. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು, ಏಕೆಂದರೆ ಆ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಗೆ ಹಾಕುತ್ತವೆ. ಅಲ್ಲಿ ಮೇಲಿನ ನಾಲ್ಕು ಬಗೆಯ ಮದ್ದಿನಲ್ಲಿ ಯಾವುದೂ ಪ್ರಯೋಜನವಿಲ್ಲ, ಬೂಷ್ಟಿನ ಮದ್ದೇ ಬೇಕು.

ಅಲೆಯಲೆಯಾಗಿ ಬಂದು ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವು ಕಲ್ಲಿನದ್ದು. ಅದರ ದಾರಿಯೇ ಬೇರೆ, ಈ ಹೋಲಿಕೆಯೊಳಗೆ ಅದನ್ನು ತರುವುದಿಲ್ಲ.

ಕೆಂಪು ಮಾತ್ರೆ: ಫೆನಜೋಪಿರಿಡಿನ್

ಇದು ಮೂಲದಲ್ಲಿ ಒಂದು ಬಣ್ಣ, ಅಜೋ ಡೈ ಎಂಬ ಜಾತಿಯದ್ದು. ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಕಿಡ್ನಿಯ ಮೂಲಕ ಮೂತ್ರಕ್ಕೆ ಇಳಿಯುತ್ತದೆ. ಮೂತ್ರ ಹರಿಯುವ ದಾರಿಯ ಒಳಪದರಕ್ಕೆ ತಾಗಿದಾಗ ಅಲ್ಲಿಯ ಉರಿಯನ್ನು ಮರಗಟ್ಟಿಸುತ್ತದೆ. ಮೈಯ ಬೇರೆ ಯಾವ ನೋವಿಗೂ ಇದು ಆಗುವುದಿಲ್ಲ. ತಲೆನೋವಿಗೆ ಕೊಟ್ಟರೆ ಮೂತ್ರದ ಬಣ್ಣ ಬದಲಾಗುವುದು ಬಿಟ್ಟರೆ ಏನೂ ಆಗದು. ಆದರೆ ಮೊದಲ ಬಗೆಯ ಉರಿಗೆ, ಅಂದರೆ ಹೊಯ್ಯುವಾಗಲೇ ಆಗುವ ಉರಿಗೆ, ನಾಲ್ಕರಲ್ಲಿ ಇದಕ್ಕೆ ಸಮ ಇಲ್ಲ. ಹೆಚ್ಚಿನವರಿಗೆ ಮೊದಲ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ. ಕ್ಯಾಥೆಟರ್ (ಮೂತ್ರ ಹೊರಬರಲು ಹಾಕುವ ನಳಿಕೆ) ತೆಗೆದ ಮೇಲೆ, ದುರ್ಬೀನು ಹಾಕಿ ಮೂತ್ರಕೋಶ ನೋಡಿದ ಮೇಲೆ ಆಗುವ ಉರಿಗೂ ಡಾಕ್ಟರರು ಇದನ್ನು ಬರೆಯುವುದುಂಟು. ನಮ್ಮಲ್ಲಿ ಪಿರಿಡಿಯಮ್ ಎಂಬ ಹೆಸರಿನಲ್ಲಿ ಗೊತ್ತು. ಸಣ್ಣ ಅಂಗಡಿಗಳಲ್ಲಿ ಇರಲೇಬೇಕೆಂದಿಲ್ಲ.

ದೊಡ್ಡವರಿಗೆ ವಾಡಿಕೆಯ ಪ್ರಮಾಣ 200 ಮಿ.ಗ್ರಾಂ., ದಿನಕ್ಕೆ 3 ಸಲ, ಊಟದ ನಂತರ. ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ಹೊಟ್ಟೆ ತೊಳಸುತ್ತದೆ. ಮಾತ್ರೆಯನ್ನು ಇಡಿಯಾಗಿ ನುಂಗಬೇಕು, ಚೀಪಿದರೆ ಅಥವಾ ಜಗಿದರೆ ಹಲ್ಲಿಗೆ ಬಣ್ಣ ಹಿಡಿಯುತ್ತದೆ. ಆ್ಯಂಟಿಬಯಾಟಿಕ್ ಜೊತೆಗಾದರೆ ಎರಡು ದಿನ, ಅಂದರೆ 6 ಮಾತ್ರೆ. ಅದಕ್ಕಿಂತ ಹೆಚ್ಚು ದಿನ ತೆಗೆದುಕೊಂಡರೆ ಆ್ಯಂಟಿಬಯಾಟಿಕ್ ಒಂದರಿಂದಲೇ ಆಗುವುದಕ್ಕಿಂತ ಹೆಚ್ಚಿನ ಲಾಭ ಇದೆ ಎಂಬುದಕ್ಕೆ ಆಧಾರವಿಲ್ಲ. ತಿಂಗಳುಗಟ್ಟಲೆ ತೆಗೆದುಕೊಳ್ಳಬಾರದು ಎನ್ನಲು ಇನ್ನೊಂದು ಕಾರಣ: ಇಲಿಗಳಿಗೆ ದೀರ್ಘಕಾಲ ತಿನ್ನಿಸಿದಾಗ ಕರುಳಿನಲ್ಲಿ, ಪಿತ್ತಜನಕಾಂಗದಲ್ಲಿ ಗೆಡ್ಡೆಗಳು ಕಂಡಿವೆ. ಎರಡು ದಿನದ ಆರು ಮಾತ್ರೆಗೆ ಈ ಭಯ ಬೇಡ. ಆದರೆ ಉರಿಯಾದಾಗಲೆಲ್ಲ ಒಂದೊಂದು ಎಂದು ಡಬ್ಬಿಯಲ್ಲಿ ಇಟ್ಟುಕೊಳ್ಳುವ ಮದ್ದು ಇದಲ್ಲ. ಅಮೆರಿಕದಲ್ಲಿ ಸುಮಾರು 95 ಮಿ.ಗ್ರಾಂ.ನ ಮಾತ್ರೆ ಚೀಟಿಯಿಲ್ಲದೆ ಸಿಗುತ್ತದೆ. ಅಲ್ಲಿಂದ ಬಂದ ನೆಂಟರು ತಂದುಕೊಟ್ಟ ಬಾಟಲಿಯಲ್ಲಿ "2 ಮಾತ್ರೆ" ಎಂದಿದ್ದರೆ ಅದನ್ನೇ ಇಲ್ಲಿಯ 200ರ ಮಾತ್ರೆಗೂ ಅನ್ವಯಿಸಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ.

ಬಣ್ಣದ ವಿಷಯ ಮೊದಲೇ ಗೊತ್ತಿಲ್ಲದಿದ್ದರೆ ಗಾಬರಿ ಖಂಡಿತ. ಮೂತ್ರ ಕಿತ್ತಳೆಯಿಂದ ಇಟ್ಟಿಗೆಗೆಂಪಿನವರೆಗೆ ತಿರುಗುತ್ತದೆ, ಮಾತ್ರೆ ನಿಲ್ಲಿಸಿದ ಮೇಲೆ ಒಂದೆರಡು ದಿನದಲ್ಲಿ ಮೊದಲಿನ ಬಣ್ಣಕ್ಕೆ ಬರುತ್ತದೆ. ಬಿಳಿ ಮುಂಡಿಗೆ ಒಂದು ಹನಿ ಬಿದ್ದರೆ ಅಡಕೆ ಕಲೆಯ ಹಾಗೆ ಕೂರುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಆ ಎರಡು ದಿನ ಬಣ್ಣದ ಲುಂಗಿ, ಹಳೆಯ ಒಳಉಡುಪು ಸಾಕು. ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕನ್ನಡಕಕ್ಕೆ ಬದಲಾಗಬೇಕು, ಕಣ್ಣೀರಿನಲ್ಲಿಯೂ ಬಣ್ಣ ಇಳಿದು ಮೃದು ಲೆನ್ಸ್ ಹಾಳಾಗುತ್ತದೆ. ಕಿತ್ತಳೆ ಮೂತ್ರ ಕಂಡು ಕಾಮಾಲೆ ಎಂದುಕೊಂಡು ನೆಲನೆಲ್ಲಿ ಅರೆದು ಕುಡಿಯಲು ಹೊರಟವರಿಗೆ ಹೇಳಬೇಕಾದದ್ದು ಇಷ್ಟೇ: ಮೂತ್ರ ಮಾತ್ರ ಕಿತ್ತಳೆಯಾಗಿದ್ದರೆ ಅದು ಮಾತ್ರೆಯ ಬಣ್ಣ. ಕಣ್ಣು, ಚರ್ಮವೂ ಹಳದಿಯಾದರೆ ಮಾತು ಬೇರೆ. ಕಿಡ್ನಿ ಮದ್ದನ್ನು ಹೊರಹಾಕದೆ ಮೈಯಲ್ಲಿ ಕೂಡಿಬರುತ್ತಿದೆ, ಅಥವಾ ರಕ್ತಕಣ ಒಡೆಯುತ್ತಿದೆ ಎಂಬುದರ ಗುರುತು ಅದು. ಕೂಡಲೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ತುಟಿ, ಉಗುರು ನೀಲಿಗಟ್ಟಿ ಏದುಸಿರು ಬಂದರೂ ಹಾಗೆಯೇ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗಿರುತ್ತದೆ.

ಯಾರಿಗೆ ಬೇಡ? ಕಿಡ್ನಿ ದುರ್ಬಲವಾದವರಿಗೆ ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೂ ಬೇಡ, ಅವರಲ್ಲಿ ಇದು ರಕ್ತಕಣಗಳನ್ನು ಒಡೆಯುತ್ತದೆ. ತಮಗೆ ಆ ಕೊರತೆ ಇದೆಯೋ ಇಲ್ಲವೋ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆದರೆ ಮಂಗಳೂರಿನ ಕಡೆ ಕೆಲಸಕ್ಕೆ ಹೋಗಿ ಮಲೇರಿಯಾ ಹಿಡಿದು, ಅದಕ್ಕೆ ಪ್ರೈಮಾಕ್ವಿನ್ ತೆಗೆದುಕೊಂಡಾಗ ಮೂತ್ರ ಕಪ್ಪಾಗಿ ಮೈಯಲ್ಲಿ ರಕ್ತ ಕಡಿಮೆಯಾಗಿತ್ತು, ಅಥವಾ "ಆ ಮಾತ್ರೆ ನಿಮಗೆ ಆಗದು" ಎಂದು ಡಾಕ್ಟರರು ಹೇಳಿದ್ದರು ಎಂದಾದರೆ ಅದನ್ನು ಇಲ್ಲಿ ನೆನಪಿಸಿಕೊಂಡು ಹೇಳಲೇಬೇಕು. ಮಕ್ಕಳಿಗೆ ಮನೆಯಲ್ಲಿ ಉಳಿದದ್ದನ್ನು ಕೊಡಬಾರದು.

ಇನ್ನೊಂದು ತೊಂದರೆ ಪರೀಕ್ಷೆಗೆ ಸಂಬಂಧಿಸಿದ್ದು. ಲ್ಯಾಬಿನಲ್ಲಿ ಮೂತ್ರಕ್ಕೆ ಅದ್ದಿ ನೋಡುವ ಪಟ್ಟಿ ಬಣ್ಣ ಬದಲಾಗುವುದನ್ನು ನೋಡಿ ಫಲಿತಾಂಶ ಹೇಳುವಂಥದ್ದು. ಮೂತ್ರವೇ ಕಿತ್ತಳೆಯಾಗಿದ್ದರೆ ನೈಟ್ರೈಟ್, ಬಿಲಿರುಬಿನ್, ಕೀಟೋನ್ ಎಲ್ಲವೂ ತಪ್ಪಾಗಿ ಓದಿಸಿಕೊಳ್ಳುತ್ತವೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಮೂತ್ರ ಕೊಡಿ, ಆಮೇಲೆ ಕೆಂಪು ಮಾತ್ರೆ. ಮಾತ್ರೆ ಈಗಾಗಲೇ ತೆಗೆದುಕೊಂಡಾಗಿದ್ದರೆ ಲ್ಯಾಬಿನವರಿಗೆ ಬಾಯಿಬಿಟ್ಟು ಹೇಳಿ. ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೂ ಕಲ್ಚರ್‌ಗೂ (ಮೂತ್ರದ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಬಣ್ಣ ಅಡ್ಡಿಯಲ್ಲ.

ಹೆಸರಿನ ಗೊಂದಲವೂ ಉಂಟು. ಪಿರಿಡಿಯಮ್ ಬೇರೆ, ಪಿರಿಡಾಕ್ಸಿನ್ ಬೇರೆ (ಅದು ಬಿ6 ವಿಟಮಿನ್), ಪಿರಿಡೋಸ್ಟಿಗ್ಮಿನ್ ಬೇರೆ (ಅದು ಸ್ನಾಯು ಸೋಲುವ ಕಾಯಿಲೆಯದ್ದು). ಫೋನಿನಲ್ಲಿ ಹೆಸರು ಹೇಳಿ ಆಟೋದವರ ಕೈಯಲ್ಲಿ ಮದ್ದು ತರಿಸುವಾಗ ಮದ್ದಿನ ಪೂರ್ತಿ ಹೆಸರು ಬರೆದ ಚೀಟಿಯ ಫೋಟೊ ಕಳಿಸುವುದು ಕ್ಷೇಮ.

ಸೆಳೆತದ ಮಾತ್ರೆ: ಫ್ಲಾವಾಕ್ಸೇಟ್

ಉರಿಗಿಂತ ಅವಸರವೇ ಹೆಚ್ಚು, ನಿಲ್ಲಿಸಿಕೊಳ್ಳಲಾಗದು, ಬಸ್ಸಿನಲ್ಲಿ ಕೂರಲಾಗದು ಎನ್ನುವವರಿಗೆ ಕೆಂಪು ಮಾತ್ರೆಗಿಂತ ಇದು ಹೊಂದುತ್ತದೆ. ಮೂತ್ರಕೋಶದ ಗೋಡೆಯ ಸ್ನಾಯು ಬೇಡದ ಹೊತ್ತಿಗೆ ಹಿಂಡಿಕೊಳ್ಳುವುದನ್ನು ಇದು ಸಡಿಲಿಸುತ್ತದೆ. ಪ್ರಮಾಣ ಸಾಮಾನ್ಯವಾಗಿ 200 ಮಿ.ಗ್ರಾಂ., ದಿನಕ್ಕೆ 3 ಸಲ. 12 ವರ್ಷದ ಕೆಳಗಿನವರಿಗಲ್ಲ. ಯೂರಿಸ್ಪಾಸ್ ಎಂಬುದು ಇದರ ಪರಿಚಿತ ಹೆಸರು. ಯೂರಿಮ್ಯಾಕ್ಸ್ ಎಂಬುದು ಪ್ರಾಸ್ಟೇಟಿಗೆ (ಗಂಡಸರ ಮೂತ್ರಕೋಶದ ಬುಡದಲ್ಲಿರುವ ಗ್ರಂಥಿ) ಕೊಡುವ ಟ್ಯಾಮ್ಸುಲೋಸಿನ್ ಎಂಬ ಮದ್ದು. ಎರಡೂ 'ಯೂರಿ'ಯಿಂದ ಶುರುವಾಗುವುದರಿಂದ ಅಜ್ಜನ ಸ್ಟ್ರಿಪ್ಪು ಸೊಸೆಯ ಕೈಗೆ ಬರುವ ಸಾಧ್ಯತೆ ಇದೆ. ಕೆಲಸ ಎರಡರದ್ದೂ ಹೆಚ್ಚುಕಡಿಮೆ ತದ್ವಿರುದ್ಧ: ಒಂದು ಹಿಡಿದುಕೊಳ್ಳಲು, ಇನ್ನೊಂದು ಸಲೀಸಾಗಿ ಬಿಡಲು.

ಬಣ್ಣ ಬರುವುದಿಲ್ಲ, ಪರೀಕ್ಷೆಗೆ ಅಡ್ಡಿಯಿಲ್ಲ. ಬದಲಿಗೆ ಬಾಯಿ ಒಣಗುತ್ತದೆ, ಕೆಲವರಿಗೆ ಕಣ್ಣು ಮಂಜಾಗಿ ಮಂಪರು ಬರುತ್ತದೆ. ಬೈಕು, ಜೀಪು ಓಡಿಸುವವರು, ಅಡಕೆ ಮರ ಹತ್ತುವವರು ಮೊದಲ ದಿನ ತಮ್ಮ ಮೈ ಹೇಗಿರುತ್ತದೆ ಎಂದು ನೋಡಿಕೊಂಡೇ ಕೆಲಸಕ್ಕೆ ಇಳಿಯಬೇಕು.

ಇಲ್ಲಿ ಅಪಾಯಕ್ಕೆ ಬೀಳುವವರು ಅರವತ್ತು ದಾಟಿದ ಗಂಡಸರು. ಅವರಿಗೆ ಪದೇ ಪದೇ ಹೋಗಬೇಕೆನಿಸುವುದು ಬಹಳ ಸಲ ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಪೂರ್ತಿ ಖಾಲಿಯಾಗದೆ ಉಳಿಯುವುದರಿಂದ. ಆಗ ಮೂತ್ರಕೋಶವನ್ನು ಸಡಿಲಿಸುವ ಮಾತ್ರೆ ಕೊಟ್ಟರೆ ಇದ್ದ ಸ್ವಲ್ಪ ಹರಿವೂ ನಿಂತು, ರಾತ್ರಿ ಕೆಳಹೊಟ್ಟೆ ಉಬ್ಬಿ, ಕ್ಯಾಥೆಟರ್ ಹಾಕಿಸಲು ಆಸ್ಪತ್ರೆಗೆ ಓಡಬೇಕಾಗುತ್ತದೆ. ಮುಟ್ಟಿನ ಹೊಟ್ಟೆನೋವಿಗೆಂದು ಮನೆಯಲ್ಲಿ ಇರುವ ಮೆಫೆನಾಮಿಕ್ ಆ್ಯಸಿಡ್-ಡೈಸೈಕ್ಲೊಮಿನ್ ಜೋಡಿ ಮಾತ್ರೆಯನ್ನು ಅಂಥವರಿಗೆ ಕೊಟ್ಟರೂ ಇದೇ ಕಥೆ. ಕಣ್ಣಿನ ಒತ್ತಡದ ಕಾಯಿಲೆ ಇರುವವರೂ ಡಾಕ್ಟರರಲ್ಲಿ ಕೇಳದೆ ಫ್ಲಾವಾಕ್ಸೇಟ್ ಮುಟ್ಟಬಾರದು.

ಸಿಟ್ರೇಟ್ ಸಿರಪ್ಪು: ನಿರುಪದ್ರವಿ ಎಂಬ ಹೆಸರು, ಒಳಗೆ ಉಪ್ಪು

ನಾಲ್ಕರಲ್ಲಿ ಕೈಯಿಂದ ಕೈಗೆ ಅತಿ ಸುಲಭವಾಗಿ ದಾಟುವುದು ಇದು. ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್. ಆಲ್ಕಾಸಾಲ್, ಸಿಟ್ರಾಲ್ಕಾ, ಸಿಟಾಲ್ ಮುಂತಾದ ಹೆಸರು. ಮೂತ್ರದ ಹುಳಿ ಕಡಿಮೆ ಮಾಡುತ್ತದೆ, ಹುಳಿ ಕಡಿಮೆಯಾದರೆ ಉರಿ ಕಡಿಮೆ ಎಂಬುದು ಇದರ ಹಿಂದಿನ ತರ್ಕ. ತರ್ಕ ಕೇಳಲು ಸರಿಯಾಗಿದೆ. ಸೋಂಕಿನ ಉರಿಗೆ ಇದು ನಿಜವಾಗಿ ಎಷ್ಟು ಸಹಾಯ ಮಾಡುತ್ತದೆ ಎಂದು ತೋರಿಸುವ ಗಟ್ಟಿ ಪ್ರಯೋಗಗಳು ಮಾತ್ರ ಇಲ್ಲ. ಕುಡಿದವರಿಗೆ ಹಾಯೆನಿಸುವುದರಲ್ಲಿ ಜೊತೆಗೆ ಕುಡಿದ ದೊಡ್ಡ ಲೋಟ ನೀರಿನ ಪಾಲೂ ಇದೆ.

ಲೆಕ್ಕ ಮಾಡಿ ನೋಡಿ. 5 ಮಿ.ಲೀ. ಸಿರಪ್ಪಿನಲ್ಲಿ ಸುಮಾರು 1.3ರಿಂದ 1.4 ಗ್ರಾಂ ಸಿಟ್ರೇಟ್ ಇರುತ್ತದೆ. 10 ಮಿ.ಲೀ. ಕುಡಿದರೆ ಹೆಚ್ಚುಕಡಿಮೆ ಅರ್ಧ ಗ್ರಾಂ ಸೋಡಿಯಂ ಒಳಗೆ ಹೋಗುತ್ತದೆ. ದಿನಕ್ಕೆ ಮೂರು ಸಲವೆಂದರೆ ಒಂದೂವರೆ ಗ್ರಾಂ ಸೋಡಿಯಂ, ಅಡುಗೆ ಉಪ್ಪಿನ ಲೆಕ್ಕದಲ್ಲಿ ಮೂರೂವರೆ ಗ್ರಾಂ ದಾಟುತ್ತದೆ. ಇಡೀ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಒಣಮೀನು ಬಿಟ್ಟು ಪಥ್ಯದಲ್ಲಿರುವ ಬಿ.ಪಿ.ಯ ಅಮ್ಮನಿಗೆ "ಇದು ಬರೀ ತಂಪಿನ ಸಿರಪ್ಪು" ಎಂದು ವಾರಗಟ್ಟಲೆ ಕುಡಿಸಿದರೆ ಕಾಲು ಊದಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಹೃದಯ ಸೋತವರಿಗೆ, ಕಿಡ್ನಿ ಸೋತವರಿಗೆ ಇದು ಬೇಡ. ಕಲ್ಲಿಗೆ ಕೊಡುವ ಪೊಟ್ಯಾಸಿಯಂ ಸಿಟ್ರೇಟಿನ ಬಾಟಲಿ ನೋಡಲು ಹೀಗೆಯೇ ಇರುತ್ತದೆ. ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಕಿಡ್ನಿ ಕಾಯಿಲೆಯವರಿಗೂ, ಬಿ.ಪಿ.ಗೋ ಹೃದಯಕ್ಕೋ ಸ್ಪೈರೊನೊಲ್ಯಾಕ್ಟೋನ್, ಟೆಲ್ಮಿಸಾರ್ಟನ್, ಎನಲಾಪ್ರಿಲ್ ತಿನ್ನುವವರಿಗೂ ಇನ್ನೂ ಅಪಾಯ.

ಕುಡಿಯುವ ಕ್ರಮ: 10-15 ಮಿ.ಲೀ. ಅಳತೆ ಮುಚ್ಚಳದಲ್ಲಿ ಅಳೆದು ಒಂದು ಲೋಟ ನೀರಿಗೆ ಬೆರೆಸಿ, ದಿನಕ್ಕೆ ಎರಡು ಮೂರು ಸಲ. ಮನೆಯ ಚಮಚ ಒಂದು 5 ಮಿ.ಲೀ. ಇದ್ದರೆ ಇನ್ನೊಂದು 15 ಇರುತ್ತದೆ, ಅದನ್ನು ನಂಬಬೇಡಿ. ಹತ್ತರಂತೆ ಮೂರು ಸಲವಾದರೆ 100 ಮಿ.ಲೀ. ಬಾಟಲಿ ಮೂರು ದಿನಕ್ಕೆ ಮುಗಿಯುತ್ತದೆ. ಎರಡನೇ ಬಾಟಲಿ ಕೊಳ್ಳಬೇಕಾಯಿತು ಎಂದಾದರೆ ಅಂಗಡಿಗಲ್ಲ, ಡಾಕ್ಟರರ ಹತ್ತಿರ ಹೋಗುವ ಹೊತ್ತಾಯಿತು.

ಬಹಳ ಚೀಟಿಗಳಲ್ಲಿ ಕಾಣುವ ಒಂದು ತಪ್ಪು ಜೋಡಿ ಇಲ್ಲಿ ಹೇಳಬೇಕು. ಮೂತ್ರಕೋಶದ ಸೋಂಕಿಗೆ ಇಂದು ಮೊದಲ ಸಾಲಿನಲ್ಲಿ ಬರೆಯುವ ಆ್ಯಂಟಿಬಯಾಟಿಕ್ ನೈಟ್ರೋಫ್ಯುರಾಂಟೊಯಿನ್ (ನಿಧಾನ ಬಿಡುಗಡೆಯ 100 ಮಿ.ಗ್ರಾಂ., ದಿನಕ್ಕೆ 2 ಸಲ, ಸಾಮಾನ್ಯವಾಗಿ 5 ದಿನ). ಅದು ಹುಳಿ ಮೂತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಜೊತೆಗೇ ಹುಳಿ ಕಡಿಮೆ ಮಾಡುವ ಸಿರಪ್ಪು ಕುಡಿದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದಂತೆ. ಎರಡೂ ಬರೆದಿದ್ದರೆ ಸಿರಪ್ಪು ಬಿಡಬಹುದೇ ಎಂದು ಕೇಳಿ. ಸಂಕೋಚ ಬೇಡ.

ಪ್ಯಾರಸಿಟಮಾಲ್, ಐಬುಪ್ರೊಫೇನ್

ಕೆಳಹೊಟ್ಟೆಯ ಭಾರಕ್ಕೆ, ಮೈಕೈ ನೋವಿಗೆ ಪ್ಯಾರಸಿಟಮಾಲ್ ಸಾಕು. ದೊಡ್ಡವರಿಗೆ 500 ಅಥವಾ 650 ಮಿ.ಗ್ರಾಂ., ಆರು ಗಂಟೆಗೊಮ್ಮೆ. ಗರ್ಭಿಣಿಗೂ ಕಿಡ್ನಿ ಕಾಯಿಲೆಯವರಿಗೂ ನಾಲ್ಕರಲ್ಲಿ ಸುರಕ್ಷಿತವಾದದ್ದು ಇದೇ. ಮೂತ್ರದ ಉರಿಗೆ ಕೆಂಪು ಮಾತ್ರೆಯಷ್ಟು ಬಲವಿಲ್ಲ. ಇನ್ನೊಂದು ಕೊರತೆ ಎಂದರೆ ಜ್ವರವನ್ನು ಮುಚ್ಚಿಡುತ್ತದೆ. ಸೋಂಕು ಕಿಡ್ನಿಗೆ ಏರಿತೋ ಎಂದು ತಿಳಿಸುವ ಗಂಟೆಯೇ ಜ್ವರ. ಆದ್ದರಿಂದ ಪ್ರತಿ ಸಲ ಮಾತ್ರೆ ನುಂಗುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿ ಬರೆದಿಡಿ.

ಐಬುಪ್ರೊಫೇನ್ (400 ಮಿ.ಗ್ರಾಂ., ದಿನಕ್ಕೆ 3 ಸಲ, ಊಟದ ನಂತರ) ಉರಿಯೂತವನ್ನೇ ತಗ್ಗಿಸುವುದರಿಂದ ನೋವಿಗೆ ಇನ್ನೂ ಬಲ. ಆ್ಯಂಟಿಬಯಾಟಿಕ್ ಬಿಟ್ಟು ಇದೊಂದರಿಂದಲೇ ಸಾಗಿಸಬಹುದೇ ಎಂದು ಯುರೋಪಿನಲ್ಲಿ ಪರೀಕ್ಷಿಸಿದ್ದಾರೆ. ಜರ್ಮನಿಯಲ್ಲಿ 494 ಹೆಂಗಸರ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಐಬುಪ್ರೊಫೇನ್ ಪಡೆದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆ್ಯಂಟಿಬಯಾಟಿಕ್ ಇಲ್ಲದೆಯೇ ಗುಣವಾದರು. ಆದರೆ ನೋವು ಹೆಚ್ಚು ದಿನ ಉಳಿಯಿತು, ಕಿಡ್ನಿ ಸೋಂಕೂ ಆ ಗುಂಪಿನಲ್ಲೇ ಹೆಚ್ಚು ಕಂಡಿತು. ಸ್ವಿಟ್ಜರ್ಲೆಂಡಿನ 253 ಹೆಂಗಸರ ಪ್ರಯೋಗ (2017) ಇನ್ನೂ ಸ್ಪಷ್ಟ: ಮೂರನೇ ದಿನಕ್ಕೆ ನೋವು ಹೋದದ್ದು ಡೈಕ್ಲೊಫೆನಾಕ್ (ಐಬುಪ್ರೊಫೇನ್ ಜಾತಿಯದ್ದೇ) ಗುಂಪಿನಲ್ಲಿ ಶೇ. 54, ನಾರ್‌ಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಪಡೆದ ಗುಂಪಿನಲ್ಲಿ ಶೇ. 80, ಕಿಡ್ನಿ ಸೋಂಕು ಮೊದಲನೆಯದರಲ್ಲಿ 6 ಮಂದಿಗೆ, ಎರಡನೆಯದರಲ್ಲಿ ಯಾರಿಗೂ ಇಲ್ಲ. ಫೋನು ಮಾಡಿದರೆ ಡಾಕ್ಟರು ಸಿಗುವ ಊರಿನಲ್ಲಿ, ಆರೋಗ್ಯವಂತ ಹೆಂಗಸರ ಮೇಲೆ ನೋಡಿದ್ದು ಇದು. ಪೆರ್ಲದಿಂದ ಒಳಗೆ, ಸಂಜೆ ಬಸ್ಸು ತಪ್ಪಿದರೆ ಬೆಳಗಿನವರೆಗೆ ಕಾಯಬೇಕಾದ ಕಡೆ ಇಂಥ ಪ್ರಯೋಗ ಮನೆಯಲ್ಲಿ ಮಾಡುವುದಲ್ಲ.

ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ಎಚ್ಚರ ಸೇರುತ್ತದೆ. ಜೂನ್-ಜುಲೈಯಲ್ಲಿ ಜ್ವರ, ಮೈಕೈ ನೋವು, ಮೂತ್ರ ಕಡಿಮೆ ಎಂದರೆ ಅದು ಡೆಂಗಿಯೂ ಆಗಿರಬಹುದು, ಇಲಿಜ್ವರವೂ ಆಗಿರಬಹುದು. ಡೆಂಗಿಯಲ್ಲಿ ಐಬುಪ್ರೊಫೇನ್, ಡೈಕ್ಲೊಫೆನಾಕ್, ಮೆಫೆನಾಮಿಕ್ ಆ್ಯಸಿಡ್ ರಕ್ತಸ್ರಾವಕ್ಕೆ ದಾರಿ, ಇಲಿಜ್ವರದಲ್ಲಿ ಮೊದಲೇ ಪೆಟ್ಟು ತಿಂದ ಕಿಡ್ನಿಗೆ ಇನ್ನೊಂದು ಪೆಟ್ಟು. ಜ್ವರವಿದ್ದಾಗ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಹೊಟ್ಟೆ ಹುಣ್ಣಿನವರು, ಕಿಡ್ನಿ ಕಾಯಿಲೆಯವರು, ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರು, ಗರ್ಭಿಣಿಯರು ಯಾವ ಕಾಲದಲ್ಲೂ ಐಬುಪ್ರೊಫೇನ್ ತಾವಾಗಿ ತೆಗೆದುಕೊಳ್ಳಬಾರದು.

ಹಾಗಾದರೆ ಯಾವುದು?

ಆರೋಗ್ಯವಾಗಿರುವ, ಗರ್ಭಿಣಿಯಲ್ಲದ ಹೆಂಗಸಿಗೆ ನಿನ್ನೆಯಿಂದ ಹೊಯ್ಯುವಾಗ ಉರಿ, ಜ್ವರವಿಲ್ಲ: ಮೂತ್ರ ಪರೀಕ್ಷೆಗೆ ಕೊಟ್ಟು, ಡಾಕ್ಟರರು ಬರೆದ ಆ್ಯಂಟಿಬಯಾಟಿಕ್ ಜೊತೆಗೆ ಎರಡು ದಿನದ ಕೆಂಪು ಮಾತ್ರೆ. ಅದು ಸಿಗದಿದ್ದರೆ ಪ್ಯಾರಸಿಟಮಾಲ್. ಉರಿ ಕಡಿಮೆ, ಅವಸರ ಹೆಚ್ಚು ಎಂದಾದರೆ ಫ್ಲಾವಾಕ್ಸೇಟ್. ಕೆಂಪು ಮಾತ್ರೆ ಮತ್ತು ಫ್ಲಾವಾಕ್ಸೇಟ್ ಎರಡನ್ನೂ ಡಾಕ್ಟರರು ಒಟ್ಟಿಗೆ ಕೊಡುವುದುಂಟು, ನೀವಾಗಿ ಸೇರಿಸಬೇಡಿ. ಸಿರಪ್ಪು ನಮ್ಮ ಆಯ್ಕೆಯಲ್ಲಿ ಕೊನೆಗೆ ಬರುತ್ತದೆ. ಬಿ.ಪಿ. ಇಲ್ಲದ, ನೈಟ್ರೋಫ್ಯುರಾಂಟೊಯಿನ್ ತೆಗೆದುಕೊಳ್ಳದ ಪ್ರಾಯದವರಿಗೆ ಒಂದೆರಡು ದಿನಕ್ಕೆ ಆದೀತು, ಅಷ್ಟೇ.

ಗರ್ಭಿಣಿ, ಐದು ವರ್ಷದ ಮಗು, ಗಂಡಸರು, ಕ್ಯಾಥೆಟರ್ ಇರುವವರು, ಒಂದೇ ಕಿಡ್ನಿ ಇರುವವರು: ಇವರಿಗೆ ಅಂಗಡಿಯ ಮುಂದೆ ಆಯ್ಕೆಯ ಪ್ರಶ್ನೆಯೇ ಇಲ್ಲ, ನೇರ ಡಾಕ್ಟರರ ಹತ್ತಿರ. ಚಳಿ ನಡುಗಿಸುವ ಜ್ವರ, ಪಕ್ಕೆಲುಬಿನ ಕೆಳಗೆ ಹಿಂಬದಿಯಲ್ಲಿ ನೋವು, ನಿಲ್ಲದ ವಾಂತಿ, ಕೆಳಹೊಟ್ಟೆ ಉಬ್ಬಿದ್ದರೂ ಮೂತ್ರ ಇಳಿಯದಿರುವುದು, ಕೆಂಪು ಮಾತ್ರೆ ತೆಗೆದುಕೊಳ್ಳದೆಯೂ ಮೂತ್ರ ಕೆಂಪಾಗಿರುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಹೋಗಬೇಕು. ಕ್ಷಯಕ್ಕೆ ರಿಫಾಂಪಿಸಿನ್ ತಿನ್ನುವವರ ಮೂತ್ರವೂ ಕಿತ್ತಳೆಯಾಗಿರುತ್ತದೆ, ಅದು ಲೆಕ್ಕಕ್ಕಿಲ್ಲ.

ಗಡಿಯ ಈ ಕಡೆ ಇನ್ನೊಂದು ಸಣ್ಣ ತೊಡಕು ಭಾಷೆಯದ್ದು. ಕಾಸರಗೋಡು ಪೇಟೆಯಲ್ಲೋ ಕಾಞಂಗಾಡಿನಲ್ಲೋ ಡಾಕ್ಟರಿಗೆ, ನರ್ಸಿಗೆ ಕನ್ನಡ ಬಾರದಿದ್ದರೆ 'ಉರಿ' ಎಂದಷ್ಟೇ ಹೇಳಿದರೆ ಸಾಲದು. "ಮೂತ್ರಂ ಒಳಿಕ್ಕುಂಬೋಳ್ ಪುಗಚ್ಚಿಲ್" ಎಂದರೆ ಹೊಯ್ಯುವಾಗ ಉರಿ ಎಂದು ಅವರಿಗೆ ತಿಳಿಯುತ್ತದೆ. ಅವರು "ಮೂತ್ರತ್ತಿಲ್ ಪಳುಪ್ಪ್" ಎಂದರೆ ಮೂತ್ರದಲ್ಲಿ ಕೀವು, ಅಂದರೆ ಸೋಂಕು. "ಪನಿ ಉಂಡೋ" ಎಂದರೆ ಜ್ವರ ಇದೆಯೇ ಎಂದು. ಪ್ಯಾರಸಿಟಮಾಲ್ ತಿಂದು ಜ್ವರ ಇಳಿದಿದ್ದರೆ ಬರೀ "ಇಲ್ಲ" ಎನ್ನಬೇಡಿ, ಮಾತ್ರೆ ತಿಂದಿದ್ದೇನೆ ಎಂದು ಸೇರಿಸಿ.

ಮೂತ್ರ ಹಿಡಿಯುವುದು, ನೀರು ಕುಡಿಯುವುದು

ಡಬ್ಬಿ ಲ್ಯಾಬಿನದ್ದೇ ಆಗಲಿ. ಮನೆಯ ಸಿರಪ್ ಬಾಟಲಿ ತೊಳೆದು ತಂದರೆ ತಳದಲ್ಲಿ ಉಳಿದ ಸಕ್ಕರೆಯೇ ಮೂತ್ರದ ಸಕ್ಕರೆಯಾಗಿ ರಿಪೋರ್ಟಿನಲ್ಲಿ ಬರುತ್ತದೆ. ಹೊರಭಾಗವನ್ನು ಬರೀ ನೀರಿನಲ್ಲಿ ತೊಳೆದುಕೊಂಡು, ಮೊದಲ ಸ್ವಲ್ಪ ಮೂತ್ರ ಬಿಟ್ಟು, ಹರಿವು ನಿಲ್ಲಿಸದೆ ನಡುವಿನದ್ದನ್ನು ಕಾಲು ಲೋಟಕ್ಕಿಂತ ಕಡಿಮೆ ಹಿಡಿದರೆ ಸಾಕು. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಬಾರದು. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು. ಮುಳ್ಳೇರಿಯದಾಚೆಯಿಂದ ಬಸ್ಸು ಬದಲಿಸಿ ಬರುವವರು ಮನೆಯಿಂದ ಹಿಡಿದು ತರುವ ಬದಲು ಲ್ಯಾಬಿನ ಶೌಚಾಲಯದಲ್ಲೇ ಹಿಡಿಯುವುದು ಲೇಸು. ಬೆಚ್ಚಗಿನ ಡಬ್ಬಿಯಲ್ಲಿ ರೋಗಾಣು ಬೆಳೆದು ಕಲ್ಚರ್ ತಪ್ಪಾಗುತ್ತದೆ. ಆ್ಯಂಟಿಬಯಾಟಿಕಿನ ಮೊದಲ ಮಾತ್ರೆಗೂ ಮುಂಚೆ ಹಿಡಿದದ್ದಾಗಿರಬೇಕು.

ಬಾರ್ಲಿ ನೀರು, ಜೀರಿಗೆ ನೀರು, ಲಾವಂಚ ಹಾಕಿದ ನೀರು, ಮಜ್ಜಿಗೆ, ಬೊಂಡ ಎಲ್ಲವೂ ಆಗಬಹುದು, ಮುಖ್ಯ ಕೆಲಸ ಮಾಡುವುದು ಅದರೊಳಗಿನ ನೀರು. ಮೂತ್ರ ತಿಳಿ ಹಳದಿಗೆ ಬರುವಷ್ಟು ಕುಡಿದರಾಯಿತು, ಬಿಂದಿಗೆಗಟ್ಟಲೆ ಬೇಡ. ಬೊಂಡದಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ಸೋತವರಿಗೆ ಅದು ತಂಪಲ್ಲ, ವಿಷ. ಕೆಳಹೊಟ್ಟೆಗೆ ಬಿಸಿನೀರಿನ ಚೀಲ ಇಡುವುದು ಖರ್ಚಿಲ್ಲದ ಒಳ್ಳೆಯ ಉಪಾಯ, ನಡುವೆ ಬಟ್ಟೆ ಇರಲಿ. ಕಾಫಿ, ಖಾರ ಎರಡು ದಿನ ಕಡಿಮೆ ಮಾಡಿ. ಬೃಹತ್ಯಾದಿ ಕಷಾಯ, ನೆಗ್ಗಿನಮುಳ್ಳಿನ ಕಷಾಯ ಕುಡಿಯುವವರು ಆಯುರ್ವೇದ ವೈದ್ಯರಿಗೂ ಡಾಕ್ಟರಿಗೂ ಎರಡೂ ಕಡೆ ಹೇಳಿ ಕುಡಿಯಲಿ. ಕ್ರ್ಯಾನ್‌ಬೆರಿ ಮಾತ್ರೆ ಪದೇ ಪದೇ ಸೋಂಕಾಗುವವರಿಗೆ ತಡೆಯಲು ಸ್ವಲ್ಪ ನೆರವಾದೀತು, ಆಗಿರುವ ಉರಿಗೆ ಅದರಿಂದ ಏನೂ ಇಲ್ಲ.

ಆ್ಯಂಟಿಬಯಾಟಿಕ್ ಶುರುವಾಗಿ 48 ಗಂಟೆ ಕಳೆದರೂ ಉರಿ ಹಾಗೇ ಇದ್ದರೆ ಕೆಂಪು ಮಾತ್ರೆಯನ್ನು ಮೂರನೇ ದಿನಕ್ಕೆ ಎಳೆಯಬೇಡಿ. ಕಲ್ಚರ್ ರಿಪೋರ್ಟು ಆ ಹೊತ್ತಿಗೆ ಬಂದಿರುತ್ತದೆ. ಅದರಲ್ಲಿ ರೋಗಾಣುವಿನ ಹೆಸರಿನ ಕೆಳಗೆ ಮದ್ದುಗಳ ಪಟ್ಟಿ, ಪ್ರತಿಯೊಂದರ ಎದುರು ಎಸ್ ಅಥವಾ ಆರ್ ಎಂಬ ಅಕ್ಷರ ಇರುತ್ತದೆ. ನೀವು ನುಂಗುತ್ತಿರುವ ಆ್ಯಂಟಿಬಯಾಟಿಕಿನ ಎದುರು ಆರ್ ಇದ್ದರೆ ರೋಗಾಣು ಅದಕ್ಕೆ ಬಗ್ಗುವುದಿಲ್ಲ ಎಂದರ್ಥ. ಆ ಹಾಳೆ ಹಿಡಿದುಕೊಂಡು ಅದೇ ದಿನ ಚೀಟಿ ಬದಲಿಸಿಕೊಂಡು ಬನ್ನಿ.